ಹೋಳು ಮಾವಿನ ಸೀರೆ

ಕಾಶಿಗೆ ಹೋದವರು ತಮಗೆ ಇಷ್ಟವಾದ ಒಂದು ಹಣ್ಣನ್ನೋ ತರಕಾರಿಯನ್ನೋ ಅಲ್ಲಿ ಬಿಟ್ಟು ಬರಬೇಕು ಎಂಬ ಪದ್ಧತಿ ನಮ್ಮ ಕಡೆ ಇದೆ. ಬಿಟ್ಟ ಮೇಲೆ ಸಾಯುವವರೆಗೂ ಅದನ್ನು ಬಾಯಿಗೆ ಇಡುವಂತಿಲ್ಲ. ನಾನು ಅಲ್ಲಿದ್ದಷ್ಟು ಕಾಲ ಊರಿನಿಂದ ಬಂದ ಯಾತ್ರಿಕರು ಏನೇನು ಬಿಟ್ಟು ಹೋದರೆಂದು ಕಣ್ಣಾರೆ ಕಂಡಿದ್ದೇನೆ. ಹೆಚ್ಚಿನವರು ಹಾಗಲಕಾಯಿ ಬಿಡುತ್ತಾರೆ. ಗಂಗಮ್ಮನೇನು ಹಿಂದೆ ಬಂದು ವಿಚಾರಿಸುತ್ತಾಳೆಯೇ! ನಾನಂತೂ ಏನನ್ನೂ ಬಿಡಲಿಲ್ಲ. ನಾನು ತೀರ್ಥಕ್ಕೆ ಹೋದವಳಲ್ಲ, ವರ್ಗವಾಗಿ ಹೋದವಳು. ಹೋಗುವಾಗ ಇಲ್ಲದ ಒಂದು ಹಗೆಯನ್ನು ಬರುವಾಗ ಟ್ರಂಕಿನಲ್ಲಿಟ್ಟುಕೊಂಡು ಬಂದೆ. ಇಂದಿಗೂ ಅದು ನುಸಿ ಹಿಡಿಯದೆ ಹಾಗೇ ಇದೆ.

ತೊಂಬತ್ತರ ದಶಕ ಆಗತಾನೇ ಶುರುವಾಗಿತ್ತು. ರೇಷ್ಮೆ ನೇಯ್ಗೆಯ ವಿನ್ಯಾಸಕ್ಕೆಂದು ಬನಾರಸಿನಲ್ಲಿ ಒಂದು ಸಣ್ಣ ಸರ್ಕಾರಿ ಕಚೇರಿ ಇತ್ತು. ಕರ್ನಾಟಕದಿಂದ ಅಲ್ಲಿಗೆ ಇಬ್ಬರು ಎತ್ತಂಗಡಿಯಾದೆವು, ನಾನು ಮತ್ತು ಇನ್ನೊಬ್ಬ. ಒಂದೇ ದಿನ ಕೆಲಸಕ್ಕೆ ಸೇರಿದವರು, ಒಂದೇ ಹುದ್ದೆ, ಒಂದೇ ಸಂಬಳ. ಅವನು ನನಗಿಂತ ಸ್ವಲ್ಪ ದೊಡ್ಡವನು, ಮದುವೆಯಾಗಿದ್ದ, ಅಷ್ಟೇ ವ್ಯತ್ಯಾಸ. ಎದುರಿಗೆ ಯಾವಾಗಲೂ 'ನೀವು' ಎಂದೇ ಮಾತಾಡಿದ್ದೇನೆ. ಬರೆಯುವಾಗ ಅಷ್ಟು ಮರ್ಯಾದೆ ಕೊಡಲು ನನ್ನ ಪೆನ್ನಿಗೆ ಮನಸ್ಸಿಲ್ಲ. ಅವನನ್ನು ಇಲ್ಲಿ ಪುಣ್ಯಾತ್ಮ ಎಂದೇ ಕರೆಯುತ್ತೇನೆ, ಕಾಶಿಯಲ್ಲಿದ್ದವನಿಗೆ ಆ ಹೆಸರು ಒಪ್ಪುತ್ತದೆ ಕೂಡ.

ಇಬ್ಬರ ಮನೆಯೂ ಗಂಗೆಯ ದಂಡೆಯ ಶಿವಾಲ ಎಂಬ ಮೊಹಲ್ಲಾದಲ್ಲೇ. ನನ್ನದು ಹಳೆಯ ಮನೆಯೊಂದರ ಮಹಡಿಯ ಕೋಣೆ. ಎರಡು ಗಲ್ಲಿ ದಾಟಿದರೆ ಅವನ ಮನೆ. ಅವನ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಮೈಸೂರಿನ ಕಡೆಯವರು. ತೊಗರಿಬೇಳೆ ಕಟ್ಟಿನಲ್ಲಿ ಅವರು ಮಾಡುತ್ತಿದ್ದ ಸಾರಿನ ವಾಸನೆ ಹಿಡಿದೇ ಭಾನುವಾರ ಮಧ್ಯಾಹ್ನ ನಾನು ದಾರಿ ತಪ್ಪದೆ ಆ ಮನೆ ಸೇರುತ್ತಿದ್ದೆ. ಒಂದು ಬೇಸಿಗೆಯಲ್ಲಿ ಊಟದ ನಂತರ ಮೂವರೂ ಕೂತು ಮಾವಿನ ಹಣ್ಣು ತಿನ್ನುತ್ತಿದ್ದೆವು. ಬನಾರಸಿನ ಲಂಗ್ಡಾ ಮಾವು, ಹೊರಗೆ ಹಸಿರು, ಒಳಗೆ ಜೇನು.

"ನೀನೇನೇ ಬಿಟ್ಟೆ ಕಾಶೀಲಿ?" ಎಂದು ಅಕ್ಕ ಕೇಳಿದರು.

"ಏನೂ ಇಲ್ಲ ಅಕ್ಕ. ಬಿಡೋ ಅಷ್ಟು ಏನಿದೆ ನನ್ನತ್ರ?"

"ನಾನು ಬದನೆಕಾಯಿ ಬಿಟ್ಟೆ ಕಣೇ. ವಾಂಗೀಬಾತು ಅಂದ್ರೆ ಪ್ರಾಣ ಬಿಡ್ತಿದ್ದೋಳು. ಇವ್ರನ್ನ ಕೇಳಿದ್ರೆ ನಗ್ತಾರೆ."

ಪುಣ್ಯಾತ್ಮ ಓಟೆ ಚೀಪುತ್ತಿದ್ದ. ರಸ ಮೊಣಕೈವರೆಗೆ ಇಳಿದಿತ್ತು. "ಬೇರೆ ಏನ್ ಬೇಕಾದ್ರೂ ಬಿಡ್ತೀನಪ್ಪ. ಈ ಲಂಗ್ಡಾ ಬಿಡು ಅಂದ್ರೆ ವಿಶ್ವನಾಥನ ಎದುರಿಗೆ ನಿಂತು ಬೇಕಾದ್ರೂ ಆಗಲ್ಲ ಅಂತೀನಿ," ಎಂದ. ನಾವೆಲ್ಲ ನಕ್ಕೆವು. ಆಗ ನಾನು ಅವನನ್ನು ಅಣ್ಣನಂತೆ ನೋಡುತ್ತಿದ್ದೆ. ಅದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಜಗಳದ ಮೂಲ ಒಂದು ಪ್ರೋಗ್ರಾಂ. ಅದೇನೆಂದು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಬನಾರಸಿ ಸೀರೆಯ ಬುಟ್ಟಾ ಮೂಡುವುದು ಮಗ್ಗದ ಮೇಲೆ ಕೂರಿಸಿದ ಜಕಾರ್ಡ್ ಎಂಬ ಯಂತ್ರದಿಂದ. ಅದಕ್ಕೆ ತೂತು ಹೊಡೆದ ರಟ್ಟಿನ ಪಟ್ಟಿಗಳ ಮಾಲೆ ಹಾಕುತ್ತಾರೆ. ಅಲ್ಲಿ ಅದಕ್ಕೆ ಪತ್ತಾ ಎನ್ನುತ್ತಾರೆ. ತೂತಿದ್ದಲ್ಲಿ ಎಳೆ ಮೇಲೇಳುತ್ತದೆ, ಇಲ್ಲದಿದ್ದಲ್ಲಿ ಕೆಳಗೇ ಉಳಿಯುತ್ತದೆ. ಬುಟ್ಟಾ ದೊಡ್ಡದಾದಷ್ಟೂ ಪತ್ತಾ ಹೆಚ್ಚು, ಅಷ್ಟನ್ನೂ ಕೈಯಲ್ಲೇ ಹೊಡೆಯಬೇಕು. ಕಂಪ್ಯೂಟರಿನ ತೆರೆಯ ಮೇಲೆ ಬುಟ್ಟಾ ಬರೆದರೆ ಸಾಕು, ಪತ್ತಾಗಳನ್ನು ಯಂತ್ರವೇ ಹೊಡೆಯುವಂತೆ ನಾನು ಮಾಡಿದೆ. ನೇಕಾರರ ಕೇರಿಯಾದ ಮದನಪುರದ ಒಬ್ಬ ವಯಸ್ಸಾದ ನಕ್ಷೆಗಾರರು ಕಚೇರಿಗೆ ಬುಟ್ಟಾಗಳ ನಕ್ಷೆ ಬರೆದುಕೊಡುತ್ತಿದ್ದರು. ಎಲ್ಲರಿಗೂ ಅವರು ಚಚ್ಚಾ, ಅಂದರೆ ಚಿಕ್ಕಪ್ಪ. ಯಾವ ಎಳೆ ಎಲ್ಲಿ ಎದ್ದರೆ ಬಟ್ಟೆಯ ಮೇಲೆ ಏನು ಕಾಣುತ್ತದೆ ಎಂಬುದನ್ನು ಅವರ ಪಕ್ಕದಲ್ಲಿ ಕೂತು ಕಲಿತೆ. ಪ್ರೋಗ್ರಾಮಿಂಗ್ ಮಾತ್ರ ಪೂರಾ ನನ್ನದು.

ಅದು ಮೂರು ಭಾಷೆಗಳಲ್ಲಿತ್ತು. ಎಳೆಗಳ ಲೆಕ್ಕಾಚಾರ ಫೋರ್ಟ್ರಾನ್‌ನಲ್ಲಿ, ನನಗೆ ಲೆಕ್ಕ ಮಾಡಲು ಚೆನ್ನಾಗಿ ಬರುತ್ತಿದ್ದದ್ದು ಅದೊಂದೇ. ತೆರೆಯ ಮೇಲೆ ಚಿತ್ರ ಬರೆಯುವ ಭಾಗ ಸಿ ಭಾಷೆಯಲ್ಲಿ. ತೂತು ಹೊಡೆಯುವ ಯಂತ್ರ ಈ ಎರಡಕ್ಕೂ ಬಗ್ಗಲಿಲ್ಲ. ಅದಕ್ಕಾಗಿ ಆ ಪಿ.ಸಿ.ಯ ಹುಟ್ಟು ಭಾಷೆಯಾದ ಅಸೆಂಬ್ಲಿಯಲ್ಲೇ ಒಂದು ಲೈಬ್ರರಿ, ಅಂದರೆ ಬೇಕಾದಾಗ ಕರೆದು ಬಳಸುವ ತುಣುಕುಗಳ ಕಂತೆ, ಬರೆದೆ. ಶಿವಾಲದ ನಮ್ಮ ಮನೆಗಳಲ್ಲಿ ಒಳಗೆ ಕನ್ನಡ, ತರಕಾರಿ ಗಾಡಿಯವನ ಹತ್ತಿರ ಹಿಂದಿ, ದೋಣಿಯವನ ಹತ್ತಿರ ಬರುವಷ್ಟು ಭೋಜ್‌ಪುರಿ ಆಡುತ್ತಿದ್ದೆವಲ್ಲ, ಹೆಚ್ಚುಕಡಿಮೆ ಹಾಗೆಯೇ. ಪ್ರೋಗ್ರಾಮಿನ ಆ ಮೂರು ಭಾಷೆಗಳೂ ಒಂದರ ಮಾತು ಇನ್ನೊಂದು ಕೇಳುವಂತೆ ಮಾಡುವಷ್ಟರಲ್ಲಿ ನನ್ನ ಜೀವ ಹಣ್ಣಾಯಿತು. ಕೊನೆಗೆ ಒಂದು ದಿನ ಯಂತ್ರ ಟಕಟಕ ಎಂದು ಪತ್ತಾ ಹೊಡೆಯಿತು. ಮೊದಲ ತೆರೆಯ ಮೇಲೆ ನನ್ನ ಹೆಸರನ್ನು ಹಾಕಿಕೊಂಡೆ. ನನ್ನ ಹೆಸರು ಅಚ್ಚಾದದ್ದನ್ನು ಮದುವೆಯ ಕರೆಯೋಲೆಗಳಲ್ಲಿ ಬಂಧುಬಳಗದ ಸಾಲಿನಲ್ಲಿ ಬಿಟ್ಟರೆ ಬೇರೆಲ್ಲೂ ನೋಡಿದವಳಲ್ಲ ನಾನು. ಅದನ್ನೇ ನೋಡುತ್ತ ಸುಮ್ಮನೆ ಕೂತಿದ್ದೆ.

ದೆಹಲಿಯ ಮುಖ್ಯ ಕಚೇರಿಯವರು ಪ್ರೋಗ್ರಾಂ ತೋರಿಸಲು ಕರೆದಾಗ ನಾನು ಟೈಫಾಯ್ಡ್ ಹಿಡಿದು ಮಲಗಿದ್ದೆ. ಪುಣ್ಯಾತ್ಮ ನನ್ನ ಕೋಣೆಗೇ ಬಂದ. ಅಕ್ಕ ನನಗೆ ಗಂಜಿ ಕುಡಿಸುತ್ತಿದ್ದರು.

"ನೋಡಮ್ಮ, ನೀನು ಆರಾಮಾಗಿ ಮಲಕ್ಕೋ. ನಾನು ಹೋಗಿ ತೋರಿಸ್ಕೊಂಡ್ ಬರ್ತೀನಿ," ಎಂದ. "ನಿನ್ನ ಹೆಸರು ಹೇಳ್ದೆ ಇರ್ತೀನಾ?"

ದಿಂಬಿನ ಕೆಳಗಿದ್ದ, ಪ್ರೋಗ್ರಾಂ ತುಂಬಿದ ಫ್ಲಾಪಿಗಳನ್ನು ನಾನೇ ತೆಗೆದುಕೊಟ್ಟೆ. ಅವನು ದೆಹಲಿಯಿಂದ ಶಾಲು ಹೊದ್ದು ಬಂದ. ನಾನು ಎದ್ದು ಓಡಾಡುವಂತಾಗಿ ಕಚೇರಿಗೆ ಹೋಗಿ ಯಂತ್ರ ಹಾಕಿದರೆ ಮೊದಲ ತೆರೆಯ ಮೇಲೆ ಅವನ ಹೆಸರಿತ್ತು. ನನ್ನದು ಎಲ್ಲೂ ಇರಲಿಲ್ಲ.

"ಇದೇನಿದು?" ಎಂದು ಕೇಳಿದೆ.

"ಓ, ಅದಾ? ಅಲ್ಲಿ ಒಬ್ಬರ ಹೆಸರೇ ಇರ್ಬೇಕು ಅಂದ್ರು. ತೋರಿಸಿದೋನು ನಾನಲ್ವಾ? ಹೋಗ್ಲಿ ಬಿಡಮ್ಮ. ಈ ಊರಲ್ಲಿ ನಾವಿಬ್ರೇ ಕನ್ನಡದೋರು. ಯಾರ ಹೆಸರಿದ್ರೇನು?"

"ಯಾರದಿದ್ರೂ ಒಂದೇ ಆದ್ರೆ ನಂದೇ ಇರ್ಲಿ."

ಅವನು ನಕ್ಕು ಪಾನಿನ ಪೊಟ್ಟಣ ಬಿಚ್ಚಿದ. ನಾನು ಕಚೇರಿಯ ಮುಖ್ಯಸ್ಥರಿಗೆ ದೂರು ಕೊಟ್ಟೆ. ಅವರು ಪಾನ್ ತುಂಬಿದ ಬಾಯನ್ನು ಮೇಲೆತ್ತಿ, ನಿಮ್ಮ ನಿಮ್ಮಲ್ಲೇ ಬಗೆಹರಿಸಿಕೊಳ್ಳಿ ಎಂದು ಹಿಂದಿಯಲ್ಲಿ ಹೇಳಿದರು. ಸ್ವಲ್ಪ ದಿನಕ್ಕೆ ಆದೇಶ ಬಂತು. ಪುಣ್ಯಾತ್ಮ ಕಂಪ್ಯೂಟರ್ ವಿಭಾಗಕ್ಕೆ ಮುಖ್ಯಸ್ಥ. ನಾನು ಗಂಗೆಯಾಚೆ ರಾಮನಗರದ ಗೋದಾಮಿಗೆ, ರೇಷ್ಮೆ ನೂಲಿನ ಮೂಟೆಗಳನ್ನು ನೋಡಿಕೊಳ್ಳಲು. ಕಾಯಿಲೆಯಿಂದ ಎದ್ದ ಹೆಣ್ಣುಮಗಳು, ಹಗುರವಾದ ಕೆಲಸ ಕೊಡಿ ಎಂದು ಅವನೇ ಹೇಳಿದನಂತೆ. ಎಷ್ಟು ಕರುಣೆ ನೋಡಿ.

ಬೆಳಿಗ್ಗೆ ಟೆಂಪೋ ಹಿಡಿದು ಸೇತುವೆ ದಾಟುವುದು, ಸಂಜೆ ಮತ್ತೆ ದಾಟುವುದು. ಗೋದಾಮಿನಲ್ಲಿ ಹಸಿ ರೇಷ್ಮೆಯ ಸತ್ತ ಹುಳದ ವಾಸನೆ, ಮಾಡಿನ ಮೇಲೆ ಕೋತಿಗಳು. ಅಲ್ಲಿ ಒಬ್ಬಳೇ ಕೂತು ನನಗೇನು ಬೇಕೆಂದು ಯೋಚಿಸಿದೆ. ನನ್ನ ಹೆಸರು ಆ ತೆರೆಯ ಮೇಲೆ ಮರಳಿ ಬರಬೇಕು, ನಾನು ಆ ಕುರ್ಚಿಗೆ ಮರಳಬೇಕು. ಇಷ್ಟೇ ಎಂದರೆ ಸುಳ್ಳಾಗುತ್ತದೆ. ಅವನು ನಾಲ್ಕು ಜನರೆದುರು ಮಣ್ಣು ಮುಕ್ಕಬೇಕು, ಅದನ್ನು ನಾನು ನಿಂತು ನೋಡಬೇಕು. ಇದನ್ನು ಬಯಸಿದೆ ಎಂದು ಹೇಳಿಕೊಳ್ಳಲು ನನಗೆ ಯಾವ ನಾಚಿಕೆಯೂ ಇಲ್ಲ.

ಭಾನುವಾರದ ಊಟ ಮಾತ್ರ ಬಿಡಲಿಲ್ಲ. ಸಾರಿನ ಮೇಲೆ ನನಗೇನೂ ಸಿಟ್ಟಿರಲಿಲ್ಲ. ಅಕ್ಕನಿಗೆ ಒಂದೂ ಗೊತ್ತಿರಲಿಲ್ಲ. "ರಾಮನಗರದಲ್ಲಿ ಗಾಳಿ ಚೆನ್ನಾಗಿದೆ ಅಂತ ನೀನೇ ಕೇಳ್ಕೊಂಡು ಹೋದ್ಯಂತೆ? ಇವ್ರು ಹೇಳಿದ್ರು," ಎಂದರು ಒಮ್ಮೆ. ಪುಣ್ಯಾತ್ಮ ಅನ್ನ ಕಲಸುವುದರಲ್ಲಿ ಮುಳುಗಿದ್ದ. "ಹೌದಕ್ಕ, ಒಳ್ಳೆ ಗಾಳಿ," ಎಂದೆ. ಅವರಿಗೆ ಹೇಳಿಬಿಟ್ಟಿದ್ದರೆ ಗಂಡಹೆಂಡಿರ ಜಗಳವಾಗಿ ಅಲ್ಲಿಗೇ ಮುಗಿದುಹೋಗುತ್ತಿತ್ತು. ಅಷ್ಟು ಸುಲಭದಲ್ಲಿ ಮುಗಿಯುವುದು ನನಗೆ ಬೇಕಿರಲಿಲ್ಲ.

ಹಾಗಿರುವಾಗ ಕಚೇರಿಗೆ ದೆಹಲಿಯಿಂದ ಹೊಸ ಯಂತ್ರ ಬಂತು. ಅದನ್ನು ನಡೆಸುವ ವ್ಯವಸ್ಥೆ ಪಿ.ಸಿ.ಯ ಡಾಸ್ ಅಲ್ಲ, ಯುನಿಕ್ಸ್. ಒಳಗಿನ ಚಿಪ್ ಕೂಡ ಬೇರೆ ಜಾತಿಯದು. ಹಳೆಯ ಪ್ರೋಗ್ರಾಮನ್ನು ಅದರ ಮೇಲೆ ಓಡಿಸಬೇಕು, ದೆಹಲಿಯ ನಿರ್ದೇಶಕರೇ ಬಂದು ನೋಡುತ್ತಾರೆ, ಎಲ್ಲ ಸರಿಹೋದರೆ ಕಚೇರಿ ದೊಡ್ಡ ಕೇಂದ್ರವಾಗುತ್ತದೆ, ಪುಣ್ಯಾತ್ಮ ಅದರ ಯಜಮಾನನಾಗುತ್ತಾನೆ. ಅದಾದರೆ ನಾನು ನಿವೃತ್ತಿಯಾಗುವವರೆಗೂ ಕೋತಿಗಳ ಕೆಳಗೇ. ಸುದ್ದಿ ಕೇಳಿ ನನಗೆ ಅನ್ನ ಇಳಿಯಲಿಲ್ಲ. ಆಮೇಲೆ ಆ ಯಂತ್ರದ ಚಿಪ್ ಯಾವುದೆಂದು ತಿಳಿಯಿತು. ಅಂಥದೇ ಯಂತ್ರದ ಮೇಲೆ ನಾನು ಕೆಲಸಕ್ಕೆ ಸೇರುವ ಮುಂಚಿನ ತರಬೇತಿಯಲ್ಲಿ ಹೆಣಗಿದ್ದೆ. ಆ ದಿನ ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

ಪುಣ್ಯಾತ್ಮ ದಡ್ಡನಲ್ಲ. ದಡ್ಡನಾಗಿದ್ದರೆ ನನಗಿಷ್ಟು ಉರಿಯುತ್ತಲೂ ಇರಲಿಲ್ಲ. ನನ್ನ ಅಸೆಂಬ್ಲಿ ಲೈಬ್ರರಿ ಹೊಸ ಚಿಪ್‌ಗೆ ಒಂದಕ್ಷರ ಅರ್ಥವಾಗದೆಂದು ಅವನಿಗೆ ಗೊತ್ತಿತ್ತು. ಯುನಿಕ್ಸ್‌ನಲ್ಲಿ ಯಾರೂ ನೇರವಾಗಿ ಯಂತ್ರದ ಬಾಗಿಲು ತಟ್ಟುವಂತಿಲ್ಲ, ವ್ಯವಸ್ಥೆಯ ಮೂಲಕವೇ ಹೋಗಬೇಕು. ಅದನ್ನೂ ಓದಿ ತಿಳಿದು, ತೂತು ಹೊಡೆಸುವ ಭಾಗವನ್ನು ಸಿ ಭಾಷೆಯಲ್ಲಿ ಹೊಸದಾಗಿ ಬರೆದ. ಆಮೇಲೆ ಒಂದು ಕಡೆ ಸಿಕ್ಕಿಕೊಂಡ. ಒಂದು ಮಧ್ಯಾಹ್ನ ಅಕ್ಕ ಕಳಿಸಿದ ಪುಳಿಯೋಗರೆಯ ಡಬ್ಬಿ ಹಿಡಿದು ರಾಮನಗರಕ್ಕೇ ಬಂದ.

"ಫೋರ್ಟ್ರಾನ್ ಕಡೆಯಿಂದ ಸಿ ಕಡೆಯೋರನ್ನ ಕರೆದ್ರೆ ಆ ಹೆಸರಿನೋರೇ ಇಲ್ಲ ಅಂತಿದೆ ಕಣಮ್ಮ. ಡಾಸ್‌ನಲ್ಲಿ ಸರಿ ಇತ್ತಲ್ಲ?"

"ಆ ಯಂತ್ರದ ಫೋರ್ಟ್ರಾನ್ ಪ್ರತಿ ಹೆಸರಿನ ಕೊನೆಗೂ ತಾನೇ ಒಂದು ಗೆರೆ ಸೇರಿಸ್ಕೊಳ್ಳುತ್ತೆ. ಸಿ ಕಡೆ ಹೆಸರುಗಳಿಗೂ ನೀವು ಆ ಗೆರೆ ಹಾಕಿ. ಸಿಗ್ತಾರೆ."

"ಅಷ್ಟೇನಾ?"

"ನೀವು ಕೇಳಿದ್ದಕ್ಕೆ ಅಷ್ಟೇ."

ಅವನು ಖುಷಿಯಿಂದ ಹೋದ. ನಾನು ಪುಳಿಯೋಗರೆ ತಿಂದೆ. ಶತ್ರುವಿಗೆ ಯಾಕೆ ಹೇಳಿಕೊಟ್ಟೆ ಎಂದು ನೀವು ಕೇಳಬಹುದು. ಹೆಸರು ಸಿಗದಿದ್ದರೆ ಪ್ರೋಗ್ರಾಂ ಶುರುವೇ ಆಗುತ್ತಿರಲಿಲ್ಲ. ಮುಖ್ಯ ಕಚೇರಿಯಿಂದ ಯಾರನ್ನಾದರೂ ಕಳಿಸಿ ಸರಿಮಾಡಿಸುತ್ತಿದ್ದರು, ಅವನ ಮಾನ ಉಳಿದುಬಿಡುತ್ತಿತ್ತು. ಶುರುವಾಗಬೇಕು, ಓಡಬೇಕು, ಎಲ್ಲರೂ ಬಂದು ಸೇರಬೇಕು. ಮುಂದೆ ಒಂದು ಬಾವಿ ಇತ್ತು. ಈ ಸಣ್ಣ ಗುಂಡಿಯಲ್ಲೇ ಕಾಲು ಉಳುಕಿ ಅವನು ಮನೆಗೆ ಹೋಗುವುದು ನನಗೆ ಬೇಡವಾಗಿತ್ತು.

ಬಾವಿ ಇದು. ನಮ್ಮ ಪ್ರೋಗ್ರಾಂ ಹದಿನಾರು ಎಳೆಗಳನ್ನು ಒಂದು ಕಟ್ಟಾಗಿ ಇಟ್ಟುಕೊಳ್ಳುತ್ತಿತ್ತು. ಒಂದು ಕಟ್ಟಿನಲ್ಲಿ ಎಂಟೆಂಟರ ಎರಡು ಗುಂಪು. ಹಳೆಯ ಪಿ.ಸಿ. ಈ ಎರಡರಲ್ಲಿ ಯಾವುದನ್ನು ಮುಂದೆ ಇಡುತ್ತಿತ್ತೋ ಹೊಸ ಯಂತ್ರ ಅದನ್ನು ಹಿಂದೆ ಇಡುತ್ತದೆ. ಅದರ ಹುಟ್ಟುಗುಣವೇ ಹಾಗೆ, ತಪ್ಪೇನಲ್ಲ. ಚಿತ್ರ ಬರೆಯುವ ಭಾಗ ಇಡೀ ಕಟ್ಟನ್ನೇ ಒಟ್ಟಿಗೆ ಓದುತ್ತದಾದ್ದರಿಂದ ತೆರೆಯ ಮೇಲೆ ಎಲ್ಲವೂ ಸರಿಯಾಗಿ ಕಾಣುತ್ತದೆ. ತೂತು ಹೊಡೆಯುವ ಭಾಗ ಮಾತ್ರ ಗುಂಪುಗಳನ್ನು ಒಂದೊಂದಾಗಿ ಎತ್ತಿ ಕಳಿಸುತ್ತದೆ. ಅಲ್ಲಿ ಎಡದ ಎಂಟೆಳೆ ಬಲಕ್ಕೆ ಹೋಗುತ್ತದೆ, ಬಲದ್ದು ಎಡಕ್ಕೆ ಬರುತ್ತದೆ. ಅದನ್ನು ಸರಿಮಾಡಲು ನಾಲ್ಕು ಸಾಲು ಬರೆದರೆ ಸಾಕು. ಆದರೆ ಹೀಗಾಗುತ್ತದೆ ಎಂಬುದು ಮೊದಲು ಗೊತ್ತಿರಬೇಕಲ್ಲ.

ಪರೀಕ್ಷೆ ಮಾಡಿದ್ದರೆ ಅವನಿಗೂ ಗೊತ್ತಾಗುತ್ತಿತ್ತು ಎನ್ನಿ. ಮಾಡಿದ. ಆದರೆ ನಮ್ಮ ಕಚೇರಿಯಲ್ಲಿ ಹೊಸದೇನು ಶುರುವಾದರೂ ಮೊದಲು ಎಂಟೆಳೆ ಅಗಲದ ಸಣ್ಣ ಹೂವನ್ನು, ಅಲ್ಲಿಯವರು ಬೂಟಿ ಎನ್ನುವುದನ್ನು, ಸಾಲಾಗಿ ಹೊಡೆಯುವುದು ರೂಢಿ. ಅಂಗಡಿಯವರು ದಿನದ ಮೊದಲ ವ್ಯಾಪಾರಕ್ಕೆ ಬೋಹನಿ ಎನ್ನುತ್ತಾರಲ್ಲ, ಹಾಗೆ ಅದು ಪತ್ತಾದ ಬೋಹನಿ. ಕೈಯಲ್ಲಿ ಹೊಡೆಯುವ ಕಾಲದಿಂದ ಬಂದದ್ದು, ಯಾರೂ ತಪ್ಪಿಸುತ್ತಿರಲಿಲ್ಲ. ಎಂಟೆಂಟು ಎಳೆಗೂ ಒಂದೇ ಹೂವು ಬರುವಾಗ ಎಡದ ಎಂಟು ಬಲಕ್ಕೆ ಹೋದರೂ ಒಂದೇ, ಬಲದ್ದು ಎಡಕ್ಕೆ ಬಂದರೂ ಒಂದೇ. ಅವನು ಬೋಹನಿ ಮಾಡಿ, ಹೂವುಗಳು ಸಾಲಾಗಿ ಬಂದದ್ದನ್ನು ಕಂಡು, ಪೇಡಾ ಹಂಚಿದ. ನನಗೂ ಕಳಿಸಿದ್ದ. ನೇಯ್ದ ತುಂಡನ್ನು ಭಾನುವಾರ ಮನೆಯಲ್ಲಿ ತೋರಿಸಿದ. ನಾನು ಕಣ್ಣಲ್ಲೇ ಎಳೆ ಎಣಿಸಿದೆ.

"ಹೇಗಿದೆ?" ಎಂದ.

"ಚೆನ್ನಾಗಿದೆ," ಎಂದೆ. ಪೇಡಾ ಇನ್ನೊಂದು ಕೇಳಿ ತಿಂದೆ. ಖುಷಿಗೆ.

ಮಾರನೆಯ ದಿನ ಗೋದೌಲಿಯಾ ಚೌಕದ ಜನಜಂಗುಳಿಯಲ್ಲಿ ರಿಕ್ಷಾ ಬಿಟ್ಟು ನಡೆದುಕೊಂಡೇ ಮದನಪುರಕ್ಕೆ ಹೋಗಿ ಚಚ್ಚಾರನ್ನು ಕಂಡೆ. ನಿರ್ದೇಶಕರು ಬರುವ ದಿನ ನೇಯಲು ಯಾವ ಬುಟ್ಟಾ ಎಂದು ಆರಿಸಿಕೊಡುವವರು ಅವರೇ. ಇನ್ನು ಮೇಲೆ ನಿಮ್ಮ ಕೆಲಸ ಮುಗೀತು ಚಚ್ಚಾ, ಎಲ್ಲ ಯಂತ್ರವೇ ಮಾಡುತ್ತದೆ ಎಂದು ಪುಣ್ಯಾತ್ಮ ಅವರ ಭುಜ ತಟ್ಟಿ ಹೇಳಿದ್ದನಂತೆ. ಆ ಭುಜ ಇನ್ನೂ ನೋಯುತ್ತಿತ್ತು. ನಾನು ಎಲ್ಲವನ್ನೂ ಹೇಳಿದೆ. ಅವರು ಕೇಳಿಸಿಕೊಂಡು ಬೀಡಿ ಆರಿಸಿದರು.

"ಬಿಟಿಯಾ, ಕೈರಿ ಕೊಡಲಾ?" ಎಂದರು. ಕೈರಿ ಎಂದರೆ ಮಾವಿನ ಬುಟ್ಟಾ. "ದೊಡ್ಡದು. ಒಂದು ಕಡೆಗೆ ವಾಲಿದ್ದು."

"ಅದೇ ಬೇಕು ಚಚ್ಚಾ."

"ಒಳ್ಳೆ ರೇಷ್ಮೆ ಹಾಳುಮಾಡಬಾರದು. ಉದ್ದೆಳೆಯ ಹಾಸಿನ ಕೊನೇ ತುಂಡು ಒಂದು ಉಳಿದಿದೆ. ಅದನ್ನೇ ಮಗ್ಗಕ್ಕೆ ಏರಿಸಲು ಹೇಳುತ್ತೇನೆ."

ಇಬ್ಬರೂ ಕೂತು ಚಹಾ ಕುಡಿದೆವು. ಅಷ್ಟು ರುಚಿಯ ಚಹಾ ಆಮೇಲೆ ಕುಡಿದ ನೆನಪಿಲ್ಲ.

ಆ ದಿನ ಕಚೇರಿಗೆ ಚೆಂಡುಹೂವಿನ ತೋರಣ ಕಟ್ಟಿದ್ದರು. ರಾಮನಗರದವರಿಗೂ ಕರೆಯಿತ್ತು. ನಾನು ಹಿಂದಿನ ಸಾಲಿನಲ್ಲಿ ಕಂಬಕ್ಕೆ ಒರಗಿ ನಿಂತೆ. ಪುಣ್ಯಾತ್ಮ ಇಸ್ತ್ರಿ ಮಾಡಿದ ಸಫಾರಿಯಲ್ಲಿ ಕಾಲು ಸುಟ್ಟ ಬೆಕ್ಕಿನಂತೆ ಓಡಾಡುತ್ತಿದ್ದ. ಅಕ್ಕನೂ ಬಂದು ಹೆಂಗಸರ ಜೊತೆ, ಮಗ್ಗದ ಶೆಡ್ಡು ಕಾಣದ ಒಳಗಿನ ಕೋಣೆಯಲ್ಲಿ ಕೂತಿದ್ದರು. ನಿರ್ದೇಶಕರು ದಪ್ಪ ಮೀಸೆಯ, ಗಟ್ಟಿ ದನಿಯ ಮನುಷ್ಯ. ತೆರೆಯ ಮೇಲೆ ಮೊದಲು ಪುಣ್ಯಾತ್ಮನ ಹೆಸರು ಬಂತು, ಚಪ್ಪಾಳೆಯಾಯಿತು. ಆಮೇಲೆ ಮಾವು ಬಂತು, ತುಂಬು ಬಸುರಿಯಂತೆ ಮೈದುಂಬಿ, ತುದಿ ಬಳುಕಿಸಿ. ಮತ್ತೆ ಚಪ್ಪಾಳೆ. ಯಂತ್ರ ಪತ್ತಾ ಹೊಡೆಯಿತು. ಬುಟ್ಟಾದ ಮೊದಲ ಭಾಗದ ಪತ್ತಾಗಳನ್ನು ಪೋಣಿಸಿ ಜಕಾರ್ಡಿಗೆ ಏರಿಸಿದರು. ಏರಿಸುವ ಮುಂಚೆ ಚಚ್ಚಾ ಪತ್ತಾಗಳನ್ನು ಬೆಳಕಿಗೆ ಹಿಡಿದು ನೋಡಿ, ಗಡ್ಡ ನೀವಿಕೊಂಡು ಮುಂದಕ್ಕೆ ಕೊಟ್ಟಿದ್ದರು.

ನಮ್ಮ ಶೆಡ್ಡಿನ ಮಗ್ಗದಲ್ಲಿ ಬಟ್ಟೆಯ ಮುಖ ಕೆಳಗಡೆಗಿರುತ್ತಿತ್ತು. ಬುಟ್ಟಾ ಹೇಗೆ ಬರುತ್ತಿದೆ ಎಂದು ನೋಡಲು ಕೆಳಗೆ ಕನ್ನಡಿ ಹಿಡಿಯಬೇಕು. ಮಗ್ಗ ಖಟಕ್ ಖಟಕ್ ಎಂದು ನಡೆಯಿತು. ಎಲ್ಲರೂ ಸಮೋಸಾ ತಿನ್ನುತ್ತ ಕಾದರು. ಮಾವಿನ ಹೊಟ್ಟೆ ಮುಗಿಯುವ ಹೊತ್ತಿಗೆ ನಿರ್ದೇಶಕರು ತಾವೇ ಕನ್ನಡಿ ಇಸಿದುಕೊಂಡು ಬಗ್ಗಿದರು. ಬಗ್ಗಿದವರು ಸ್ವಲ್ಪ ಹೊತ್ತು ಏಳಲಿಲ್ಲ. ಮಾವು ಉದ್ದುದ್ದ ಹೋಳುಗಳಾಗಿ ತುಂಡಾಗಿತ್ತು. ಒಂದು ಹೋಳು ಇರಬೇಕಾದಲ್ಲಿ ಇನ್ನೊಂದು ಕೂತಿತ್ತು. ಹೊಟ್ಟೆಯ ನಡುವೆ ಅಂಚು, ಅಂಚಿನ ಜಾಗದಲ್ಲಿ ಹೊಟ್ಟೆ.

"ಯೇ ಕ್ಯಾ ಹೈ ಭಾಯಿ? ಆಮ್ ಯಾ ಆಮ್ ಕಾ ಅಚಾರ್?" ಎಂದರು ನಿರ್ದೇಶಕರು.

ಮಾವೋ ಮಾವಿನ ಉಪ್ಪಿನಕಾಯೋ ಎಂದು ಕೇಳಿದ್ದೇ ತಡ, ಶೆಡ್ಡು ಬಿದ್ದುಬಿದ್ದು ನಕ್ಕಿತು. ಬನಾರಸಿನವರಿಗೆ ನಗಲು ಅಷ್ಟು ಸಿಕ್ಕರೆ ಸಾಕು. ಪುಣ್ಯಾತ್ಮನ ಮುಖ ಇಂಗು ತಿಂದ ಮಂಗನಂತಾಗಿತ್ತು. ಯಂತ್ರದ ದೋಷ ಸರ್ ಎಂದ. ಮಗ್ಗದ ದೋಷ ಎಂದ. ಪತ್ತಾ ತಿರುವುಮುರುವು ಪೋಣಿಸಿದ್ದಾರೆ ಎಂದ. ಚಚ್ಚಾ ಎದ್ದು, ಮಾಲೆ ಸರಿಯಾಗಿದೆ ಎಂದು ಒಂದೊಂದೇ ತೋರಿಸಿದರು. ಹಳೆಯ ಯಂತ್ರದಲ್ಲಿ ಮಾವು ಮಾವಾಗಿಯೇ ಬರುತ್ತಿತ್ತಲ್ಲ, ಬರೆದವರು ನೀವೇ ಅಲ್ಲವೇ ಎಂದು ನಿರ್ದೇಶಕರು ಕೇಳಿದರು. ಅವನು ತಲೆಯೆತ್ತಿ ಸುತ್ತ ನೋಡಿದ. ಗುಂಪಿನಲ್ಲಿ ನನ್ನ ಕಣ್ಣು ಹುಡುಕಿದ. ನಾನು ಸಮೋಸಾದ ತುದಿ ಮುರಿದು ಬಾಯಿಗೆ ಹಾಕಿಕೊಂಡೆ.

ತಾವು ಬನಾರಸ್ ಬಿಡುವುದರೊಳಗೆ ಇಡೀ ಮಾವು ನೋಡಬೇಕು ಎಂದು ಹೇಳಿ ನಿರ್ದೇಶಕರು ಸಾರನಾಥ ನೋಡಲು ಹೋದರು. ಮಾರನೆಯ ಬೆಳಿಗ್ಗೆ ಗೋದಾಮಿನ ಬೀಗ ತೆಗೆಯುವಷ್ಟರಲ್ಲಿ ಪುಣ್ಯಾತ್ಮ ಬಾಗಿಲಲ್ಲಿದ್ದ. ಈ ಸಲ ಕೈಯಲ್ಲಿ ಡಬ್ಬಿ ಇರಲಿಲ್ಲ.

"ನಿಂಗೆ ಗೊತ್ತಿತ್ತು," ಎಂದ.

"ಗೊತ್ತಿತ್ತು."

"ಹೇಳ್ಬಾರ್ದಿತ್ತಾ?"

"ನೀವು ಕೇಳ್ಲಿಲ್ಲ."

ಅವನು ಮೂಟೆಯ ಮೇಲೆ ಕೂತ. "ಆಯ್ತಮ್ಮ. ಇಬ್ಬರ ಹೆಸರೂ ಹಾಕೋಣ. ನಿಂದೇ ಮೊದಲು."

"ನಂದೊಂದೇ. ನಿಮ್ಮ ಕೈಯಾರೆ ಹಾಕ್ಬೇಕು. ನಿನ್ನೆ ಚಪ್ಪಾಳೆ ತಟ್ಟಿದೋರೆಲ್ಲ ಅಲ್ಲಿರ್ಬೇಕು."

"ನನ್ನ ಮಾನ ಹೋಗುತ್ತೆ."

"ನಿನ್ನೆ ಹೋಯ್ತಲ್ಲ, ಇನ್ನೆಲ್ಲಿಂದ ಬಂತು?" ಎಂದೆ. ಹೀಗೆ ಮಾತಾಡಿದ್ದಕ್ಕೆ ಪಶ್ಚಾತ್ತಾಪವಿದೆಯೇ ಎಂದು ಯಾರಾದರೂ ಕೇಳಿದರೆ ಇಲ್ಲ. ಇನ್ನೂ ಎರಡು ಮಾತು ಹೆಚ್ಚಿಗೆ ಆಡಬಹುದಿತ್ತು.

ಅವನು ಹಾಕಿದ. ನಿರ್ದೇಶಕರು, ಮುಖ್ಯಸ್ಥರು, ಗುಮಾಸ್ತರು, ಚಹಾ ತರುವವನು, ಚಚ್ಚಾ, ಎಲ್ಲರೂ ಸುತ್ತ ನಿಂತಿದ್ದರು. ತನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ ಅಳಿಸಿ, ನನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ ಒತ್ತಿದ. ಒಂದು ಅಕ್ಷರ ತಪ್ಪಾಯಿತು. ತಿದ್ದಿಸಿದೆ. ಆಮೇಲೆ ಕುರ್ಚಿ ಬಿಟ್ಟು ಎದ್ದ. ನಾನು ಕೂತು ನನ್ನ ನಾಲ್ಕು ಸಾಲು ಬರೆದೆ. ಮಧ್ಯಾಹ್ನದ ಹೊತ್ತಿಗೆ ಕನ್ನಡಿಯಲ್ಲಿ ಇಡೀ ಮಾವು ಕಂಡಿತು. ಆ ಕುರ್ಚಿಯಿಂದ ಮತ್ತೆ ನನ್ನನ್ನು ಯಾರೂ ಎಬ್ಬಿಸಲಿಲ್ಲ. ಕಚೇರಿಯವರು, ಚಹಾ ಅಂಗಡಿಯವರು ಅಂದಿನಿಂದ ಪುಣ್ಯಾತ್ಮನಿಗೆ ಅಚಾರ್ ಸಾಹಬ್ ಎಂದು ಹೆಸರಿಟ್ಟರು. ಮನೆಯಲ್ಲಿ ಅವನು ಬಾಯಿ ಬಿಡಲಿಲ್ಲ, ಅಕ್ಕನಿಗೆ ಇದ್ಯಾವುದೂ ತಿಳಿಯಲಿಲ್ಲ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಹೊಟ್ಟೆ ತುಂಬಲಿಲ್ಲ. ಕೇಳಿದ್ದೆಲ್ಲ ಸಿಕ್ಕಿದ ಮೇಲೂ ಟೈಫಾಯ್ಡಿನ ಆ ದಿಂಬು ನೆನಪಿಗೆ ಬರುತ್ತಿತ್ತು, ಅದರ ಕೆಳಗಿನಿಂದ ಫ್ಲಾಪಿ ತೆಗೆದುಕೊಟ್ಟ ನನ್ನ ಕೈ ನೆನಪಿಗೆ ಬರುತ್ತಿತ್ತು. ಕೆಟ್ಟುಹೋದ ಆ ಪತ್ತಾಗಳನ್ನು ಎಸೆಯಬೇಡಿ ಎಂದು ಚಚ್ಚಾಗೆ ಹೇಳಿದೆ. ತುದಿಯವರೆಗಿನ ಉಳಿದ ಪತ್ತಾಗಳನ್ನೂ ಅದೇ ತಪ್ಪಿನ ಸಮೇತ ಹೊಡೆದುಕೊಟ್ಟೆ. ಅವುಗಳಿಂದ ಅವರು ನನಗೊಂದು ಸೀರೆ ನೇಯಿಸಿಕೊಟ್ಟರು. ಎಲೆಹಸಿರು ಮೈ, ಮೈತುಂಬ ಹೋಳಾದ ಚಿನ್ನದ ಮಾವು. ಪುಣ್ಯಾತ್ಮ ವರ್ಗ ಕೇಳಿಕೊಂಡು ಊರಿಗೆ ಹೊರಟಾಗ ಕಚೇರಿಯಲ್ಲಿ ಬೀಳ್ಕೊಡುಗೆ ಇಟ್ಟಿದ್ದರು. ನಾನು ಆ ಸೀರೆ ಉಟ್ಟು ಮುಂದಿನ ಸಾಲಿನಲ್ಲೇ ಕೂತೆ. ನನಗೆ ಬೇಕಿದ್ದದ್ದು ಅವನು ನೋಡಬೇಕು ಎಂಬುದಷ್ಟೇ. ನೋಡಿದ. ಹಾರ ಹಾಕಿಸಿಕೊಂಡ ಕತ್ತು ಮೇಲೇಳಲಿಲ್ಲ.

ಅಕ್ಕ ಓಡಿ ಬಂದು ಸೆರಗು ಹಿಡಿದು ನೋಡಿದರು. "ಅಯ್ಯೋ, ಎಷ್ಟು ಚೆನ್ನಾಗಿದ್ಯೇ! ಇಂಥ ಬುಟ್ಟಾ ನಾನು ಎಲ್ಲೂ ನೋಡಿಲ್ಲ. ಎಲ್ಲಿ ತಗೊಂಡೆ?"

ಇದನ್ನು ನಾನು ಮೊದಲೇ ಯೋಚಿಸಿರಲಿಲ್ಲ. ದೇವರೇ ಬಾಯಲ್ಲಿ ಇಟ್ಟ ಎನ್ನಬೇಕು. "ನಿಮ್ಮ ಯಜಮಾನ್ರನ್ನೇ ಕೇಳಿ ಅಕ್ಕ. ಅವರದೇ ಡಿಸೈನು," ಎಂದೆ.

"ಏನ್ರೀ, ನಿಮ್ದಾ? ಹೆಂಡ್ತಿಗೆ ಒಂದು ಕೊಡಿಸ್ಬೇಕು ಅನ್ನಿಸ್ಲಿಲ್ವಾ?"

ಅವನು ಕತ್ತಿನ ಹಾರ ಸರಿಮಾಡಿಕೊಂಡ. ಬೇಡ ಎನ್ನಲು ಕಾರಣ ಹೇಳಬೇಕು, ಕಾರಣ ಹೇಳಿದರೆ ಎಲ್ಲವನ್ನೂ ಹೇಳಬೇಕು. ಹೊರಡುವ ಮುಂಚೆ ಅವನೇ ಮದನಪುರಕ್ಕೆ ಹೋಗಿ ಚಚ್ಚಾರ ಮುಂದೆ ನಿಂತು, ಅಂಥದೇ ಇನ್ನೊಂದು ಬೇಕು ಎಂದು ಕೇಳಿದನಂತೆ. ಬಣ್ಣ ಯಾವುದು ಸಾಹಬ್ ಎಂದು ಚಚ್ಚಾ ಬಹಳ ವಿನಯದಿಂದ ವಿಚಾರಿಸಿದರಂತೆ.

ನಾನು ಊರಿಗೆ ಬಂದು ಎಷ್ಟೋ ವರ್ಷಗಳ ಮೇಲೆ ಮೈಸೂರಿನಲ್ಲಿ ಒಂದು ಮದುವೆಗೆ ಹೋಗಿದ್ದೆ. ಛತ್ರದ ಬಾಗಿಲಲ್ಲಿ ಪನ್ನೀರು ಚಿಮುಕಿಸುತ್ತ ನಿಂತಿದ್ದವರು ಅಕ್ಕ. ಕೆಂಪು ಸೀರೆ, ಮೈತುಂಬ ಹೋಳು ಮಾವು. ನನ್ನನ್ನು ತಬ್ಬಿಕೊಂಡು ಕಣ್ಣೀರು ಹಾಕಿದರು. ಹಬ್ಬಕ್ಕೆ, ಮದುವೆಗೆ, ಸತ್ಯನಾರಾಯಣ ಪೂಜೆಗೆ ಇದನ್ನೇ ಉಡುವುದಂತೆ, ಬೇರೆ ಯಾವ ಸೀರೆಯೂ ಮನಸ್ಸಿಗೆ ಬರುವುದಿಲ್ಲವಂತೆ. ನಾನೂ ಅವರನ್ನು ಪ್ರೀತಿಯಿಂದಲೇ ತಬ್ಬಿಕೊಂಡೆ, ಅದು ನಿಜ. ಪಂಕ್ತಿಯಲ್ಲಿ ನನ್ನನ್ನು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು. ಅವರ ಆಚೆ ಕಡೆ ಪುಣ್ಯಾತ್ಮ. ತಲೆ ನೆರೆತಿತ್ತು. ನನ್ನನ್ನು ನೋಡಿ ತಲೆ ಆಡಿಸಿದ, ನಾನೂ ಆಡಿಸಿದೆ.

ಬೇಸಿಗೆಯ ಮದುವೆಯಾದ್ದರಿಂದ ಮಾವಿನ ಸೀಕರಣೆ ಮಾಡಿಸಿದ್ದರು. ಬಡಿಸುವವರು ಬಂದಾಗ ಪುಣ್ಯಾತ್ಮ ಎಲೆಯ ಮೇಲೆ ಕೈ ಅಡ್ಡ ಹಿಡಿದ.

"ಇವ್ರಿಗೆ ಹಾಕ್ಬೇಡಿ," ಎಂದು ಅಕ್ಕ ಬಡಿಸುವವರಿಗೆ ಹೇಳಿ ನನ್ನ ಕಡೆ ತಿರುಗಿದರು. "ನಿಂಗೆ ಗೊತ್ತಾ? ಆಗೆಲ್ಲ ಅಷ್ಟು ನಗ್ತಿದ್ರು, ಕೊನೆಗೆ ಕಾಶೀಲಿ ಮಾವೇ ಬಿಟ್ಟು ಬಂದ್ರಂತೆ ಕಣೇ. ಮನೆಗೂ ತರೋ ಹಾಗಿಲ್ಲ. ಎಂಥ ಭಕ್ತಿ ನೋಡು!"

ಪುಣ್ಯಾತ್ಮ ಎಲೆಯಿಂದ ಕಣ್ಣೆತ್ತಲಿಲ್ಲ. ಪಕ್ಕದಲ್ಲಿ ಅಕ್ಕನ ಸೆರಗಿನ ಮೇಲಿದ್ದ ಅಷ್ಟೂ ಮಾವುಗಳು ಅವನ ಕಡೆಗೇ ತಿರುಗಿದ್ದವು.

ನಾನು ಬಡಿಸುವವರನ್ನು ಕರೆದು ಇನ್ನೊಂದು ಸೌಟು ಹಾಕಿಸಿಕೊಂಡೆ.